ಕೆಂಪು ಪರದೆಯ ಮೇಲಿನ ಎರಡು ಸಾಲು

ಮಂಗಳವಾರ ಬೆಳಿಗ್ಗೆ 9.20ಕ್ಕೆ ಕಟ್ಟಡ ಕಾಮಗಾರಿಯ ಮಹಿಳಾ ಎಂಜಿನಿಯರ್ ಠಾಣೆಗೆ ಬಂದು ದೂರು ಕೊಟ್ಟರು. ಹಿಂದಿನ ದಿನ ಮಧ್ಯಾಹ್ನ ಮೂರನೇ ಮಹಡಿಯ ಹೊಸ ತಾರಸಿ ಕುಸಿದು ಬಡಗಿಯೊಬ್ಬನ ಎರಡೂ ಕಾಲು ಮುರಿದಿದ್ದವು. ಅದೇ ಗದ್ದಲದಲ್ಲಿ ಟ್ಯಾಬ್ ಕಾಣೆಯಾಗಿತ್ತು. ಕಾಂಕ್ರೀಟಿನೊಳಗೆ ಹುದುಗಿಸಿದ ಸೆನ್ಸರ್‌ಗಳು, ಅದು ಎಷ್ಟು ಗಟ್ಟಿಯಾಗಿದೆ ಎಂದು ತಿಳಿಸುತ್ತಿದ್ದುದು ಆ ಟ್ಯಾಬಿಗೆ.

ಎಫ್‌ಐಆರ್ ದಾಖಲಾಯಿತು. ಟ್ಯಾಬ್ ಕೊನೆಯ ಸಂಕೇತ ಕಳಿಸಿದ್ದು ಸಿಮೆಂಟ್ ಶೆಡ್ಡಿನ ಹಿಂದಿನಿಂದ. 11 ಗಂಟೆಗೆ ಇನ್‌ಸ್ಪೆಕ್ಟರ್ ಅಲ್ಲಿದ್ದ ಮರಳಿನ ರಾಶಿ ಅಗೆಸಿದಾಗ ಮೊಣಕೈ ಆಳದಲ್ಲಿ ಸಿಕ್ಕಿತು. ಪಂಚನಾಮೆ ಮಾಡಿ ವಶಪಡಿಸಿಕೊಂಡರು.

ಚಾರ್ಜ್ ಮಾಡಿದ ಮೇಲೆ ಟ್ಯಾಬ್ ಬಾಯಿಬಿಟ್ಟಿತು. ಸೋಮವಾರ 2.10ಕ್ಕೆ ಪರದೆ ಕೆಂಪಾಗಿತ್ತು: 'ಕಾಂಕ್ರೀಟ್ ಇನ್ನೂ ಹಸಿ. ಆಧಾರದ ಕಂಬ ತೆಗೆಯಬೇಡಿ.' 2.11ಕ್ಕೆ ಯಾರೋ 'ಸರಿ' ಒತ್ತಿದ್ದರು. ಅರ್ಧ ಗಂಟೆಯಲ್ಲಿ ಕಂಬ ತೆಗೆದಿದ್ದರು.

"ಟ್ಯಾಬ್ ಯಾರ ಕೈಲಿತ್ತು?"

"ಮೇಸ್ತ್ರಿ ಕೈಲಿ," ಎಂದರು ಎಂಜಿನಿಯರ್. "ಮೂವತ್ತು ವರ್ಷದ ಅನುಭವ. ನಂಬಿ ಕೊಟ್ಟಿದ್ದೆ."

3.30ಕ್ಕೆ ಮೇಸ್ತ್ರಿಯನ್ನು ಠಾಣೆಗೆ ಕರೆಸಿದರು.

"ಎಚ್ಚರಿಕೆ ಬಂದಿದ್ದು ನೋಡಿದ್ರಾ?"

"ನೋಡ್ದೆ ಸಾರ್."

"ಏನಂತ ಇತ್ತು?"

ಇನ್‌ಸ್ಪೆಕ್ಟರ್ ಟ್ಯಾಬ್ ಮುಂದಿಟ್ಟು "ಓದಿ" ಎಂದರು.

"ಕನ್ನಡಕ ಮರೆತು ಬಂದೆ."

ಕನ್ನಡಕದ ಕಡ್ಡಿ ಆತನ ಅಂಗಿಯ ಜೇಬಿನಿಂದ ಇಣುಕುತ್ತಿತ್ತು. ಕಾನ್‌ಸ್ಟೆಬಲ್ ಒಬ್ಬ ಕಿಸಕ್ಕೆಂದ. ಮೇಸ್ತ್ರಿಯ ಮುಖ ಕಪ್ಪಿಟ್ಟಿತು. ಇನ್‌ಸ್ಪೆಕ್ಟರಿಗೆ ತಮ್ಮ ಪ್ರಶ್ನೆಯ ಬಗ್ಗೆಯೇ ನಾಚಿಕೆಯಾಯಿತು. ಕಾನ್‌ಸ್ಟೆಬಲ್‌ನನ್ನು ಹೊರಗೆ ಕಳಿಸಿ ದನಿ ತಗ್ಗಿಸಿದರು.

"ಓದೋಕೆ ಬರಲ್ವಾ?"

"ಇಲ್ಲ ಸಾರ್. ಅದು ದಿನಕ್ಕೆ ಹತ್ತು ಸಲ ಕೆಂಪಾಗುತ್ತೆ. ನೀರು ಹಾಕು ಅನ್ನೋದಕ್ಕೂ ಕೆಂಪೇ. ಕೆಳಗೆ ಒತ್ತಿದ್ರೆ ಸುಮ್ಮನಾಗುತ್ತೆ. ನನ್ನ ಕೈಕೆಳಗಿನ ಆಳುಗಳನ್ನ ಕರೆದು, ಇದೇನು ಓದಪ್ಪ ಅಂತ ಹೇಗೆ ಕೇಳಲಿ?"

"ಮರಳಲ್ಲಿ ಹೂತಿದ್ದು?"

"ಎಂಜಿನಿಯರಮ್ಮ ಬಂದು ಓದು ಅಂತಾರೆ ಅನ್ನಿಸ್ತು. ಆ ಬಡಗಿ ಕೆಳಗೆ ಬಿದ್ದು ಕೂಗ್ತಿದ್ದ ಸಾರ್. ಅವನನ್ನ ಎತ್ತೋಕೆ ಮೊದಲು ನಾನು ಇದನ್ನ ಹೂಳೋಕೆ ಹೋದೆ."

ಸಂಜೆ 5.45ಕ್ಕೆ ಬಂಧನ. ಹೇಳಿಕೆಯನ್ನು ಇನ್‌ಸ್ಪೆಕ್ಟರ್ ತಾವೇ ಓದಿ ಹೇಳಿದರು. ಮೇಸ್ತ್ರಿ ಕೇಳಿಕೊಂಡದ್ದು ಒಂದೇ: "ಮಗಳಿಗೆ ಕಳ್ಳತನ ಅಂತ ಹೇಳಿ ಸಾರ್. ಇದನ್ನ ಹೇಳಬೇಡಿ."

ಮಗಳು ಹೊರಗಿನ ಬೆಂಚಿನಲ್ಲಿದ್ದಳು. ಬಂಧನದ ಪತ್ರ ಕೈಗೆ ಕೊಟ್ಟಾಗ ಅವಳು ಕಣ್ಣೆತ್ತಲಿಲ್ಲ.

"ಓದೋಕೆ ಬರದೆ ಆಗಿದ್ದಲ್ವಾ ಸಾರ್?"

ಇನ್‌ಸ್ಪೆಕ್ಟರ್ ಸಹಿಗೆಂದು ಪೆನ್ನು ಚಾಚಿದರು.

"ನಂಗೆ ಚಿಕ್ಕಂದಿನಿಂದ ಗೊತ್ತು. ಅಪ್ಪನಿಗೆ ಅವಮಾನ ಆಗುತ್ತೆ ಅಂತ ಗೊತ್ತಿಲ್ಲದ ಹಾಗೆ ಇದ್ದೆ. ಟ್ಯಾಬ್ ಕೊಟ್ಟ ದಿನ ಅದನ್ನ ಮನೆಗೆ ತಂದು ಇಡೀ ಸಂಜೆ ಸುಮ್ಮನೆ ನೋಡ್ತಾ ಕೂತಿದ್ರು. ಆಗಲಾದ್ರೂ ಪಕ್ಕದಲ್ಲಿ ಕೂರಬಹುದಿತ್ತು."

ಸಹಿ ಹಾಕುವ ಮೊದಲು ಕೇಳಿದಳು. "ಆ ಬಡಗಿ ಮತ್ತೆ ನಡೀತಾರಾ?"

"ಡಾಕ್ಟರು ಇನ್ನೂ ಏನೂ ಹೇಳಿಲ್ಲಮ್ಮ."