ಕುಂಕುಮವಿಟ್ಟ ಪುಸ್ತಕ

ವಿಜಯದಶಮಿಯ ಬೆಳಗ್ಗೆ ಡಾಲಸ್ ಬಳಿಯ ಪ್ರಾಸ್ಪರ್‌ನ ಡಾಕ್ಟರ್ ಬದರೀನಾಥರ ಮನೆಯಲ್ಲಿ ಒಂದು ಪುಸ್ತಕ ಹೊಳೆಯಿತು. ಹೊಳೆಯಬಾರದಿತ್ತು.

ಪರದೆ ಎಳೆದು ಕತ್ತಲು ಮಾಡಿದ್ದ ಹಾಲ್‌ನಲ್ಲಿ, ಆಸ್ಟಿನ್‌ನ ಗ್ರಂಥಾಲಯದಿಂದ ಬಂದ ಅಧಿಕಾರಿ ನೇರಳೆ ಬೆಳಕಿನ ಟಾರ್ಚ್ ಹಿಡಿದು ಒಂದೊಂದೇ ಪುಸ್ತಕ ನೋಡುತ್ತಿದ್ದರು. ಇನ್ನೂರೈವತ್ತು ವರ್ಷ ಹಳೆಯ ಕಾಗದ ಆ ಬೆಳಕಿಗೆ ಮಂಕಾಗಿಯೇ ಇರುತ್ತದೆ. ಈಗಿನ ಕಾಗದ ನೀಲಿ ಹಾಕಿ ಒಗೆದ ಪಂಚೆಯಂತೆ ಹೊಳೆಯುತ್ತದೆ. ಎಲ್ಲವೂ ಮಂಕಾಗಿದ್ದವು. ಕೊನೆಯದು, ಜಗತ್ತಿನಲ್ಲಿ ಒಂದೇ ಪ್ರತಿ ಉಳಿದಿದೆಯೆಂದು ಹೆಸರಾದದ್ದು, ಫಳಫಳ ಹೊಳೆಯಿತು.

"ಕಳ್ಳತನ!" ಡಾಕ್ಟರು ಕೂಗಿದರು. "ಅಸಲಿ ಕದ್ದು ನಕಲಿ ಇಟ್ಟಿದ್ದಾರೆ!"

ಅವರ ಬೆರಳು ಆಗಲೇ, ಪುಸ್ತಕಗಳ ಪಟ್ಟಿ ಮಾಡಲು ಬಂದಿದ್ದ ಸಂಹಿತಾಳ ಕಡೆ ತಿರುಗಿತ್ತು.

* * *

ಡಿಟೆಕ್ಟಿವ್ ಮಧುರಾ ಬಂದಾಗ ಮನೆಯಲ್ಲಿ ಕರ್ಪೂರದ ವಾಸನೆ ಇನ್ನೂ ಇತ್ತು. ಅವಳು ಪಕ್ಕದೂರು ಮೆಕಿನ್ನಿಯವಳು, ಹುಟ್ಟಿದ್ದು ಮೈಸೂರಿನಲ್ಲಿ. ಕನ್ನಡದ ಮನೆಗಳಿಂದ ಕರೆ ಬಂದರೆ ಠಾಣೆಯವರು ಇವಳನ್ನೇ ಕಳಿಸುತ್ತಾರೆ. ಹೋದಲ್ಲೆಲ್ಲ ಮೊದಲು ಕಾಫಿ, ಆಮೇಲೆ ಸುಳ್ಳು.

"ನೋಡಮ್ಮಾ, ನೀನು ನಮ್ಮವಳು. ನಿನಗೆ ಅರ್ಥ ಆಗುತ್ತೆ," ಎಂದರು ಡಾಕ್ಟರು, ಕಾಫಿ ಲೋಟ ಮುಂದೆ ತಳ್ಳುತ್ತ.

ಹದಿನೆಂಟನೆಯ ಶತಮಾನದ ಲಂಡನ್ನಿನಲ್ಲಿ ಜೋಸಾಯಾ ಪೆಂಬರ್ ಎಂಬ ಪುಸ್ತಕ ವ್ಯಾಪಾರಿ ಇದ್ದನಂತೆ. ಅಂಗೈಯಲ್ಲಿ ಹಿಡಿಸುವ ಮಕ್ಕಳ ಪುಸ್ತಕಗಳನ್ನು ಅಚ್ಚು ಹಾಕಿಸಿ ಮಾರುತ್ತಿದ್ದ. ಹೂವಿನ ಚಿತ್ತಾರದ ಹೊದಿಕೆ, ಒಳಗೆ ಮರದಚ್ಚಿನ ಚಿತ್ರ. ಮಕ್ಕಳು ಕೈಗೆ ಸಿಕ್ಕಿದ್ದನ್ನು ಹರಿಯದೆ ಬಿಡುತ್ತಾರೆಯೇ? ಉಳಿದದ್ದು ಸ್ವಲ್ಪ. ಪೆಂಬರ್ ಹೊರತಂದದ್ದನ್ನೆಲ್ಲ ಒಂದೂ ಬಿಡದೆ ಕೂಡಿಸಿದ ಏಕೈಕ ಮನುಷ್ಯ ತಾನೆಂದು ಡಾಲಸ್, ಹ್ಯೂಸ್ಟನ್‌ಗಳ ಕನ್ನಡ ಸಂಘಗಳಲ್ಲಿ ಭಾಷಣ ಮಾಡಿ ಡಾಕ್ಟರು ಶಾಲು ಹೊದೆಸಿಕೊಂಡಿದ್ದರು. ಆ ಸಂಗ್ರಹವೆಲ್ಲ ಈಗ ಆಸ್ಟಿನ್‌ಗೆ ಹೋಗಲಿತ್ತು. ಅಲ್ಲಿ ಅದಕ್ಕೊಂದು ಕೊಠಡಿ, ಬಾಗಿಲ ಮೇಲೆ ಕಳೆದ ಚಳಿಗಾಲದಲ್ಲಿ ತೀರಿಕೊಂಡ ಹೆಂಡತಿ ವೈದೇಹಿಯ ಹೆಸರು.

"ಸಪ್ತಮಿಯ ದಿನ ಎಲ್ಲಾ ಪುಸ್ತಕ ಸರಸ್ವತಿ ಮುಂದೆ ಇಟ್ಟೆ. ಇವತ್ತಿನವರೆಗೆ ಯಾರೂ ಮುಟ್ಟೋ ಹಾಗಿಲ್ಲ, ಗೊತ್ತಲ್ಲ? ಕಳ್ಳಿಗೆ ಅದೇ ಅನುಕೂಲ ಆಯ್ತು," ಎಂದರು.

"ಕಳ್ಳಿ ಅಂತ ನೀವೇ ತೀರ್ಮಾನ ಮಾಡಿಬಿಟ್ರಾ ಅಂಕಲ್?"

"ಮತ್ತೆ? ನಕಲಿ ಮೇಲೂ ನಾನು ಇಟ್ಟಿದ್ದ ಜಾಗದಲ್ಲೇ ಕುಂಕುಮ ಇದೆ. ಬೇರೆ ಯಾರಿಗೆ ಹೊಳೆಯುತ್ತೆ? ಆ ಹುಡುಗಿ ಹತ್ರ ಮನೆ ಬೀಗದ ಕೈ ಇತ್ತು."

ಮಧುರಾ ಪುಸ್ತಕಗಳನ್ನು ನೋಡಿದಳು. ನಿಜ. ಆ ಒಂದರ ಮೊದಲ ಪುಟದ ನೆತ್ತಿಯಲ್ಲಿ ಕೆಂಪಗೆ ಬೊಟ್ಟು. ಉಳಿದ ಯಾವುದಕ್ಕೂ ಕುಂಕುಮದ ಸೋಂಕಿರಲಿಲ್ಲ.

"ಬೇರೆಯವಕ್ಕೆ ಯಾಕಿಲ್ಲ?"

"ಕಾಗದ ಹಾಳಾಗುತ್ತಮ್ಮ," ಎಂದರು ಡಾಕ್ಟರು, ಎಳೆಯ ಮಗುವಿಗೆ ತಿಳಿಹೇಳುವ ಹಾಗೆ.

* * *

ಸಂಹಿತಾ ಹಿತ್ತಲ ಮೆಟ್ಟಿಲ ಮೇಲೆ ಕುಳಿತಿದ್ದಳು. ಆಸ್ಟಿನ್‌ನ ಗ್ರಂಥಾಲಯದಲ್ಲಿ ಅವಳ ಕೆಲಸ. ಈ ಬೇಸಿಗೆಯಲ್ಲಿ ಸಂಗ್ರಹದ ವಿವರ ಸಿದ್ಧಪಡಿಸಲು ಮೊದಲ ಸಲ ಈ ಮನೆಗೆ ಬಂದವಳು. ಫೋನ್ ಕೈಯಲ್ಲಿತ್ತು. ಗ್ರಂಥಾಲಯ ಅವಳನ್ನು ಕೆಲಸದಿಂದ ದೂರ ಇಟ್ಟಿದೆ ಎಂಬ ಇಮೇಲ್ ಅಷ್ಟರಲ್ಲೇ ಬಂದಿತ್ತು. ಒಳ್ಳೆಯ ಸುದ್ದಿಗೆ ಈ ವೇಗ ಎಂದೂ ಇರುವುದಿಲ್ಲ.

"ಕೆಲಸ ಹೋದ್ರೆ ವೀಸಾನೂ ಹೋಗುತ್ತೆ ಮೇಡಂ. ಕಳ್ಳಿ ಅನ್ನಿಸ್ಕೊಂಡು ಊರಿಗೆ ಹೋಗ್ಬೇಕು."

"ನೀನು ತಗೊಂಡ್ಯಾ?"

"ಇಲ್ಲ."

"ಇನ್ನೇನಾದ್ರೂ ಹೇಳೋದಿದ್ಯಾ?"

ಅವಳು ತುಟಿ ಕಚ್ಚಿದಳು. "ಹಬ್ಬಕ್ಕೆ ಮೊದಲು ನಾನು ಅವರಿಗೆ ಒಂದು ಮಾತು ಹೇಳಿದ್ದೆ. ಅವರನ್ನೇ ಕೇಳಿ. ನಾನು ಹೇಳಿದ್ರೆ ಈಗ ಯಾರು ನಂಬ್ತಾರೆ?"

ಮಧುರಾ ಒಳಗೆ ಹೋಗಿ ಕೇಳಿದಳು. "ರಜಾ ಕೇಳಿದ್ಲು, ಅಷ್ಟೇ," ಎಂದರು ಡಾಕ್ಟರು. ತಡವರಿಸಲೇ ಇಲ್ಲ.

* * *

ಇನ್ನೊಬ್ಬರ ಮೇಲೂ ಅನುಮಾನ ಪಡಬಹುದಿತ್ತು. ಹ್ಯೂಸ್ಟನ್‌ನ ಚಂದ್ರಮೋಹನ, ಬದರೀನಾಥರ ಹಳೆಯ ಗೆಳೆಯರು, ಅವರೂ ಹಳೆಯ ಪುಸ್ತಕಗಳ ಹುಚ್ಚಿನವರು. ಸಪ್ತಮಿಯ ಪೂಜೆಗೆ ಬಂದು ಊಟಕ್ಕೂ ನಿಲ್ಲದೆ ಹೊರಟುಹೋಗಿದ್ದರು. ಮಧುರಾ ಮರುದಿನ ಹ್ಯೂಸ್ಟನ್‌ಗೆ ಡ್ರೈವ್ ಮಾಡಿದಳು.

"ಯಾಕೆ ಹೊರಟುಬಿಟ್ರಿ?"

"ಅವಮಾನ ಆಯ್ತು, ಹೊರಟೆ. ಆ ಪುಸ್ತಕ ಒಂದು ಸಲ ಕೈಯಲ್ಲಿ ಹಿಡಿದು ನೋಡ್ತೀನಿ ಅಂತ ಎಷ್ಟು ವರ್ಷದಿಂದ ಕೇಳ್ತಿದ್ದೀನಿ ಗೊತ್ತಾ? ಉಳಿದವೆಲ್ಲ ಕೈಗೆ ಕೊಡ್ತಾನೆ, ಅದೊಂದು ಬಿಟ್ಟು. ನನಗಷ್ಟೇ ಅಲ್ಲ, ಯಾವ ತಜ್ಞನಿಗೂ ಕೊಟ್ಟಿಲ್ಲ. ಗಾಜಿನ ಆಚೆಯಿಂದ ನೋಡಿ ಕೈಮುಗೀಬೇಕು, ದೇವರ ಹಾಗೆ."

"ಅದರ ಬಗ್ಗೆ ನಿಮಗೇನು ಗೊತ್ತು?"

"ಪೆಂಬರ್ ತನ್ನ ಬೇರೆ ಪುಸ್ತಕಗಳ ಹಿಂದೆ ಅದರ ಜಾಹೀರಾತು ಹಾಕಿದ್ದ, ಸದ್ಯದಲ್ಲೇ ಬರುತ್ತೆ ಅಂತ. ಬಂತೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಬದರೀಗೆ ಮಾತ್ರ ಸಿಕ್ತು." ಅವರು ಕಹಿಯಾಗಿ ನಕ್ಕರು. "ಅದೃಷ್ಟವಂತ."

ಹಿಂದಿರುಗುವ ದಾರಿಯಲ್ಲಿ ಮಧುರಾಳ ತಲೆಯಲ್ಲಿ ಒಂದೇ ಪ್ರಶ್ನೆ ಕೊರೆಯುತ್ತಿತ್ತು. ಸಾಧಾರಣ ಪುಸ್ತಕಗಳಿಗೆ ಕುಂಕುಮ ಸೋಕಿಸದ ಮನುಷ್ಯ, ಜಗತ್ತಿಗೇ ಒಂದಾದ ಪುಸ್ತಕಕ್ಕೆ ಹೇಗೆ ಕುಂಕುಮ ಇಟ್ಟ?

ದಾರಿಬದಿ ಕಾರು ನಿಲ್ಲಿಸಿ ಡಾಕ್ಟರ ಮಗಳು ಮಾಯಾಗೆ ಫೋನ್ ಮಾಡಿದಳು. ಮಾಯಾ ತಂದೆಯ ಮನೆಗೆ ಹತ್ತಿರದ ಫ್ರಿಸ್ಕೋದಲ್ಲಿರುತ್ತಾಳೆ.

"ಅದು ಅಮ್ಮಂದು ಟ್ರೆಡಿಷನ್," ಎಂದಳು ಮಾಯಾ. "ಎಲ್ಲಾ ಬುಕ್ಸ್‌ಗೂ ಕುಂಕುಮ ಇಡ್ಬೇಕು ಅಂತ ಅಮ್ಮನ ಆಸೆ. ಅಪ್ಪ ಅದೊಂದಕ್ಕೆ ಮಾತ್ರ ಪರ್ಮಿಷನ್ ಕೊಟ್ಟಿದ್ರು. ಬೆಸ್ಟ್ ಒನ್‌ಗೆ! ಸೋ ಸ್ವೀಟ್, ಅಲ್ವಾ?"

"ಹಿಂದಿನ ದಸರಾ ಫೋಟೋ ಇದ್ಯಾ?"

* * *

ಮರುದಿನ ಬೆಳಗ್ಗೆ ಪ್ರಾಸ್ಪರ್‌ನ ಅದೇ ಹಾಲ್‌ನಲ್ಲಿ ಡಾಕ್ಟರು, ಮಾಯಾ, ಸಂಹಿತಾ, ಆಸ್ಟಿನ್‌ನ ಅಧಿಕಾರಿ ಎಲ್ಲರೂ ಸೇರಿದರು. ಮಧುರಾ ಕಾಫಿ ಬೇಡ ಎಂದಳು.

"ಈ ಪುಟ ತಿರುಗಿಸಿ ನೋಡಿ. ಮೇಲೆ ಈ ವರ್ಷದ ಕುಂಕುಮ. ಆದ್ರೆ ಹಿಂಬದಿಗೆ ಇಳಿದಿರೋ ಕಲೆ ಹಳೇದು, ಬಣ್ಣ ಮಾಸಿದೆ, ಒಂದರ ಪಕ್ಕ ಒಂದು ಬಿದ್ದಿದೆ. ಪ್ರತಿ ದಸರಾಗೂ ಒಂದೊಂದು. ಒಂದಂತೂ ಬಾಲದ ಹಾಗೆ ಕೆಳಕ್ಕೆ ಜಾರಿದೆ." ಅವಳು ಫೋನ್ ಮೇಜಿನ ಮೇಲಿಟ್ಟಳು. "ಇದು ವೈದೇಹಿ ಆಂಟಿಯ ಕೊನೆಯ ದಸರಾ. ಪುಸ್ತಕ ಇದೇ ಪುಟಕ್ಕೆ ತೆರೆದಿದೆ. ದೊಡ್ಡದು ಮಾಡಿ ನೋಡಿ. ಅದೇ ಕಲೆ, ಬಾಲದ ಹಾಗೆ ಜಾರಿರೋದೂ ಅದೇ."

ಅಧಿಕಾರಿ ಬಗ್ಗಿ ನೋಡಿ ಹೌದೆಂದು ತಲೆಯಾಡಿಸಿದರು.

"ಅಂದ್ರೆ ಈ ನಕಲಿ ಈ ವಾರ ಬಂದದ್ದಲ್ಲ. ಸಂಹಿತಾ ಈ ಮನೆ ಹೊಸ್ತಿಲು ದಾಟೋಕೆ ಮುಂಚೆಯೇ ಇಲ್ಲಿತ್ತು. ಕಳ್ಳತನ ಆಗೇ ಇಲ್ಲ. ಕದಿಯೋಕೆ ಅಸಲಿ ಅನ್ನೋದೇ ಇರಲಿಲ್ಲ. ಅಲ್ವಾ ಡಾಕ್ಟರ್?"

ಬದರೀನಾಥರು ಫೋನನ್ನು ಮಧುರಾಳ ಕಡೆ ತಳ್ಳಿದರು.

"ನೀವೇ ಹೇಳಿದ್ರಿ, ಕುಂಕುಮದಿಂದ ಕಾಗದ ಹಾಳಾಗುತ್ತೆ ಅಂತ. ಹಾಳಾದ್ರೂ ನಷ್ಟವಿಲ್ಲ ಅಂತ ಗೊತ್ತಿದ್ದದ್ದಕ್ಕೆ ಮಾತ್ರ ಕುಂಕುಮ ಇಡಿಸಿದ್ರಿ. ಯಾರಿಗೂ ಮುಟ್ಟೋಕೆ ಕೊಡಲಿಲ್ಲ, ಮುಟ್ಟಿದ್ರೆ ಗೊತ್ತಾಗ್ತಿತ್ತು. ಈಗ ಹೇಳು ಸಂಹಿತಾ, ಹಬ್ಬಕ್ಕೆ ಮೊದಲು ಏನಂದೆ?"

"ಕಾಗದ ಹೊಸದು ಅಂದೆ." ಸಂಹಿತಾ ಡಾಕ್ಟರನ್ನು ತೋರಿಸಿದಳು. "ರಿಪೋರ್ಟ್‌ನಲ್ಲಿ ಬರೆದ್ರೆ ಎಲ್ಲರೆದುರು ಮರ್ಯಾದೆ ಹೋಗುತ್ತಲ್ಲ, ದೊಡ್ಡವರು ಅಂತ ಇವರೊಬ್ಬರಿಗೇ ಹೇಳಿದೆ. ಹಬ್ಬ ಮುಗೀಲಿ ಮಗಳೇ, ನಾನೇ ತಿಳಿಸ್ತೀನಿ ಅಂದ್ರು. ನಂಬಿದೆ."

ಬೇರೆ ಯಾರಾದರೂ ಆಗಿದ್ದರೆ ಆ ದಿನವೇ ಆಸ್ಟಿನ್‌ಗೆ ಇಮೇಲ್ ಹೋಗಿರುತ್ತಿತ್ತು. ಇವಳು ಮರ್ಯಾದೆ ಉಳಿಸಲು ಹೋದಳು. ಉಳಿಸಿಕೊಂಡವರು ಅದೇ ಮರ್ಯಾದೆಯಿಂದ ಅವಳ ಕತ್ತು ಹಿಸುಕಿದರು. ಇಂಥವರನ್ನು ಹಿರಿಯರೆಂದು ಕರೆಯುವುದು ನಮ್ಮ ದೌರ್ಭಾಗ್ಯ.

"ಅದೊಂದು ಎಲ್ಲೂ ಸಿಗಲಿಲ್ಲ," ಡಾಕ್ಟರು ಕೊನೆಗೂ ಬಾಯಿಬಿಟ್ಟರು. "ಪೆಂಬರ್ ಅದನ್ನ ಅಚ್ಚು ಹಾಕಿಸ್ಲೇ ಇಲ್ಲವೇನೋ. ಅದೊಂದಿಲ್ಲದೆ ಸಂಗ್ರಹ ಪೂರ್ತಿ ಆಗ್ತಿರಲಿಲ್ಲ. ಲಂಡನ್ನಿನಲ್ಲಿ ಒಬ್ಬನ ಕೈಲಿ ಮಾಡಿಸ್ದೆ. ಈಗ ಸತ್ಯ ಹೊರಗೆ ಬಂದ್ರೆ ವೈದೇಹಿ ಹೆಸರಿನ ಕೊಠಡಿ ಹೋಗ್ತಿತ್ತು. ಕಳುವಾಯ್ತು ಅಂದ್ರೆ ಹೆಸರಾದ್ರೂ ಉಳೀತಿತ್ತು." ಸಂಹಿತಾಳ ಕಡೆ ತಿರುಗಿದರು. "ತಪ್ಪಾಯ್ತು ಮಗಳೇ."

"ಮಗಳೇ ಅನ್ನಬೇಡಿ ಡಾಕ್ಟರ್," ಎಂದಳು ಸಂಹಿತಾ. ಬೇಸಿಗೆಯಿಡೀ ಅಂಕಲ್ ಎಂದು ಕರೆದ ಬಾಯಿ ಅದು.

ಅಧಿಕಾರಿ ಹೊರಗೆ ಹೋಗಿ ಆಸ್ಟಿನ್‌ಗೆ ಫೋನ್ ಮಾಡಿದರು. ಸಂಹಿತಾಳ ಕೆಲಸ ಉಳಿಯಿತು. ಕೊಠಡಿ ಉಳಿಯಲಿಲ್ಲ. ಸುಳ್ಳು ದೂರು ಕೊಟ್ಟದ್ದಕ್ಕೆ ಮೊಕದ್ದಮೆ ಆಗುತ್ತದೆಂದು ಮಧುರಾ ಡಾಕ್ಟರಿಗೆ ತಿಳಿಸಿದಳು. ಅವರು ಕೇಳಿಸಿಕೊಂಡಂತೆ ಕಾಣಲಿಲ್ಲ. ಮಗಳನ್ನು ನೋಡುತ್ತಿದ್ದರು.

ಮಾಯಾ ಆ ಪುಟದ ಕಲೆಯ ಮೇಲೆ ಬೆರಳಾಡಿಸುತ್ತಿದ್ದಳು.

"ಅಮ್ಮ ಆಸ್ಪತ್ರೆಯಲ್ಲಿ ದಾದಿಯರಿಗೂ ಹೇಳ್ತಿದ್ಲು, ಅಪ್ಪ," ಎಂದಳು, ಈ ಸಲ ಒಂದೂ ಇಂಗ್ಲಿಷ್ ಮಾತಿಲ್ಲದೆ. "ನಮ್ಮೆಜಮಾನರು ಆ ಪುಸ್ತಕ ಯಾರಿಗೂ ಮುಟ್ಟೋಕೆ ಕೊಡಲ್ಲ, ನನಗೊಬ್ಬಳಿಗೇ ಕೊಡ್ತಾರೆ ಅಂತ."