ಎಂಟು ದಾಟದ ಫ್ರಿಜ್

ಫ್ರಿಜ್ ಮೆಕ್ಯಾನಿಕ್ ನಮ್ಮ ಕೋಣೆಗೆ ಬಂದಾಗ ಅವನ ಮುಖ ಬಾಡಿಹೋಗಿತ್ತು. ಆಸ್ಪತ್ರೆಯ ಲಸಿಕೆಗಳೆಲ್ಲ ಕೆಟ್ಟಿದ್ದವು. ಹಿಂದಿನ ದಿನ ಆ ಫ್ರಿಜ್ ಬಿಚ್ಚಿ ತೊಳೆದವನು ಅವನೇ. ಡಾಕ್ಟರಮ್ಮ ಅವನ ಮೇಲೆ ಗೂಬೆ ಕೂರಿಸಿದ್ದರು. ಸಂಜೆಯೊಳಗೆ ನಿಜ ಗೊತ್ತಾಗದಿದ್ದರೆ ಅವನ ಕೆಲಸ ಹೋಗುತ್ತಿತ್ತು.

“ಆಫ್ ಮಾಡಿದ್ದು ನಿಜ ಅಕ್ಕಾ. ಒಂದು ಟೀ ಕುಡಿಯೋ ಹೊತ್ತು, ಅಷ್ಟೇ” ಎಂದ.

ಅಕ್ಕ ನಮ್ಮ ಕಂಪ್ಯೂಟರ್ ವಿಭಾಗದ ಹಿರಿಯರು. ದಾಖಲೆಗೆ ಬರುವ ಅಂಕಿಗಳನ್ನು ಸೋಸುವ ಪ್ರೋಗ್ರಾಮನ್ನು ಲಿಸ್ಪ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದವರು. ಅದು ಬರೀ ‘ತಪ್ಪು’ ಎಂದು ಗದರದೆ, ಸರಿಪಡಿಸುವುದು ಹೇಗೆಂದೂ ಹೇಳುತ್ತಿತ್ತು. ಹಾಗಾಗಿ ಅವರಿಗೆ ಜರಡಿ ಅಕ್ಕ ಎಂದೇ ಹೆಸರು. ಆಸ್ಪತ್ರೆಯಲ್ಲಿ ಏನು ಕಳೆದರೂ, ಯಾರ ಮೇಲೆ ಅನುಮಾನ ಬಂದರೂ ಜನ ಓಡಿಬರುತ್ತಿದ್ದದ್ದು ಅವರ ಹತ್ತಿರವೇ. ನನ್ನನ್ನು ಅಕ್ಕನ ಬಾಲ ಎನ್ನುತ್ತಿದ್ದರು, ನನಗೇನೂ ಬೇಸರವಿರಲಿಲ್ಲ.

ಇಬ್ಬರೂ ಲಸಿಕೆ ಕೋಣೆಗೆ ಹೋದೆವು. ಕಿಟಕಿಯ ಬಿಸಿಲು ಫ್ರಿಜ್ಜಿನ ಬೆನ್ನಿಗೇ ಬೀಳುತ್ತಿತ್ತು. ಪ್ರತಿ ಬಾಟಲಿಯ ಮೇಲೂ ಸೆಕೆ ತಗುಲಿದ ಹಾಗೆಲ್ಲ ನಿಧಾನವಾಗಿ ಕಪ್ಪಾಗುವ ಒಂದು ಚೌಕವಿತ್ತು, ಅದು ಕಪ್ಪಾದರೆ ಲಸಿಕೆ ಕೆಟ್ಟಂತೆ; ಎಲ್ಲವೂ ಕಾಡಿಗೆಯ ಬಣ್ಣಕ್ಕೆ ತಿರುಗಿದ್ದವು. ಫ್ರಿಜ್ಜಿನ ಮೀಟರ್ ನೋಡಿ ನರ್ಸ್‌ಗಳು ಕಂಪ್ಯೂಟರಿನಲ್ಲಿ ತುಂಬಿದ್ದ ಅಂಕಿಗಳಲ್ಲಿ ಮಾತ್ರ ಯಾವ ತೊಂದರೆಯೂ ಕಾಣಲಿಲ್ಲ. ಬೆಳಿಗ್ಗೆ ಐದೋ ಆರೋ ಡಿಗ್ರಿ, ಮಧ್ಯಾಹ್ನ ಎಂಟು. ಎಂಟರವರೆಗೆ ಭಯವಿಲ್ಲ.

“ಹಾಗಾದ್ರೆ ಮೆಕ್ಯಾನಿಕ್‌ನದೇ ಕೆಲಸ. ಅಂಕಿಗಳು ನಿಮ್ಮ ಜರಡಿ ದಾಟಿ ಬಂದಿವೆಯಲ್ಲ” ಎಂದು ನಾನು ಜಂಬದಿಂದ ಹೇಳಿದೆ.

“ಅದಕ್ಕೇ ನಾನೂ ನಂಬಿದ್ದೆ. ಆದ್ರೆ ಮಧ್ಯಾಹ್ನ ದಿನಾ ಎಂಟೇ ಯಾಕೆ? ಒಂದು ದಿನವೂ ಏಳೂವರೆ ಇಲ್ವಲ್ಲ” ಎಂದ ಅಕ್ಕ, ಮಿತಿ ಮೀರಿದ ಅಂಕಿಗೆ ಜರಡಿ ಏನೆನ್ನುತ್ತದೆಂದು ಹನ್ನೊಂದು ಒತ್ತಿ ನೋಡಿದರು. ಪರದೆಯ ಮೇಲೆ ಉತ್ತರ ಮೂಡಿತು: ‘ತಾಪ 2ರಿಂದ 8ರೊಳಗೆ ಇರಬೇಕು. ನೀವು ಬರೆದದ್ದು 11. ದಯವಿಟ್ಟು 8 ಅಥವಾ ಅದಕ್ಕಿಂತ ಕಡಿಮೆ ಬರೆಯಿರಿ.’ ಎಷ್ಟು ಮರ್ಯಾದೆಯ ಮಾತು ಎಂದುಕೊಂಡೆ ನಾನು. ಅಕ್ಕ ಮಾತ್ರ ಆ ಸಾಲನ್ನೇ ಮತ್ತೆ ಮತ್ತೆ ಓದಿದರು.

ಸಂಜೆ ಎಲ್ಲರೂ ಡಾಕ್ಟರಮ್ಮನ ಕೋಣೆಯಲ್ಲಿ ಸೇರಿದೆವು. ಅಕ್ಕ ಬಿಡಿಸಿ ಹೇಳಿದರು. ಆ ಚೌಕ ಟೀ ಕುಡಿಯುವಷ್ಟರಲ್ಲಿ ಕಪ್ಪಾಗುವಂಥದ್ದಲ್ಲ. ಕಿಟಕಿಯ ಬಿಸಿಲಿಗೆ ಫ್ರಿಜ್ ಕಾದು, ದಿನಾ ಒಂದಿಷ್ಟು ಕಪ್ಪಾಗುತ್ತಾ ಬಂದು ನಿನ್ನೆ ಮಿತಿ ದಾಟಿತ್ತು. ಮೆಕ್ಯಾನಿಕ್ ಬಂದದ್ದೂ ನಿನ್ನೆಯೇ, ಅವನ ದುರದೃಷ್ಟ. ಆದರೆ ದಾಖಲೆಯಲ್ಲಿ ಆ ಸೆಕೆ ಯಾಕಿರಲಿಲ್ಲ? ಅಕ್ಕ ಲಸಿಕೆ ಕೋಣೆಯ ನರ್ಸ್ ಕಡೆ ತಿರುಗಿ ಮೆಲ್ಲಗೆ ಕೇಳಿದರು.

“ಹನ್ನೊಂದು ಅಂತಾನೇ ಹಾಕ್ದೆ. ಕಂಪ್ಯೂಟರ್ ತಗೊಳ್ಲೇ ಇಲ್ಲ” ಎಂದಳು ನರ್ಸ್, ಕಣ್ಣು ತುಂಬಿಕೊಂಡು. “ಎಂಟು ಬರೀರಿ ಅಂತ ಅದೇ ಹೇಳ್ತು. ಮೀಟರೇ ಕೆಟ್ಟಿರಬೇಕು ಅಂದ್ಕೊಂಡೆ. ನಾವೆಲ್ಲ ಹಾಗೇ ಬರೀತಿದ್ವಿ.”

“ಹಾಗಂತ ಹೇಳಿಕೊಟ್ಟೋರು ಯಾರು?” ಡಾಕ್ಟರಮ್ಮನ ದನಿ ಏರಿತು.

“ನಾನು” ಎಂದರು ಅಕ್ಕ. “ಅಂಕಿ ಮಿತಿಯೊಳಗಿದೆಯಾ ಅಂತ ನೋಡ್ದೆ. ನಿಜವಾ ಅಂತ ಕೇಳಲಿಲ್ಲ. ಇವನನ್ನ ಬಿಡಿ, ಬೈಯೋದಿದ್ರೆ ನನ್ನ ಬೈಯಿರಿ.”

ಡಾಕ್ಟರಮ್ಮ ಬೈಯಲಿಲ್ಲ. ಮೆಕ್ಯಾನಿಕ್‌ನ ಕ್ಷಮೆ ಕೇಳಿ, ಬೆಳಿಗ್ಗೆಯೇ ಬಂದು ಫ್ರಿಜ್ಜನ್ನು ಕಿಟಕಿಯಿಂದ ದೂರ ಸರಿಸಿಕೊಡಬೇಕೆಂದರು.

ಅಕ್ಕ ಅಲ್ಲಿದ್ದ ಕಂಪ್ಯೂಟರಿನ ಪರದೆಯನ್ನು ನಮ್ಮತ್ತ ತಿರುಗಿಸಿದರು. ತಪ್ಪು ಕಂಡಾಗ ಮುಂದುವರಿಯಲು ಹಲವು ದಾರಿ ಕೊಡುವ ಸೌಕರ್ಯ ಲಿಸ್ಪ್‌ನಲ್ಲಿದೆ. ತಾನು ಅಂಕಿ ಬದಲಿಸುವ ಒಂದೇ ದಾರಿ ಇಟ್ಟಿದ್ದೆ ಎಂದರು. ಈಗ ಇನ್ನೊಂದು ಸೇರಿಸಿದ್ದರು. ಮೆಕ್ಯಾನಿಕ್ ಬಗ್ಗಿ ಓದಿದ: ‘11 ಇದ್ದರೆ ಲಸಿಕೆ ಕೆಡುತ್ತದೆ. ಮೀಟರನ್ನು ಇನ್ನೊಮ್ಮೆ ನೋಡಿ. ನಿಜವಾಗಿ 11 ಇದ್ದರೆ 11 ಎಂದೇ ಉಳಿಸಿ, ತಕ್ಷಣ ಮೆಕ್ಯಾನಿಕ್‌ಗೆ ಫೋನ್ ಮಾಡಿ.’

“ಇದು ಮೊದಲೇ ಇದ್ದಿದ್ರೆ ನಂಗೆ ಫೋನ್ ಬರ್ತಿತ್ತು, ಅಲ್ವಾ ಅಕ್ಕಾ?”

“ಬರ್ತಿತ್ತಪ್ಪಾ” ಎಂದರು ಅಕ್ಕ, ಅವನ ಮುಖ ನೋಡಲಾಗದೆ.