ಅಪ್ಪನ ಅಳತೆ

"ನೆಟ್ಟಗೆ ನಿಂತ್ಕೊಳ್ಳೇ, ಸಾಸಿವೆ!" ಎಂದರು ಅಪ್ಪ.

"ನೆಟ್ಟಗೇ ನಿಂತಿದೀನಲ್ಲಪ್ಪಾ!"

ಅಪ್ಪ ಟೈಲರ್. ಸಾಸಿವೆ ಅವರ ಮಗಳು, ಮನೆಯಲ್ಲಿ ಎಲ್ಲರಿಗಿಂತ ಚಿಕ್ಕವಳು, ಐದನೇ ಕ್ಲಾಸು. ಹೊಸ ಯೂನಿಫಾರ್ಮ್ ಸ್ಕರ್ಟಿಗೆ ಅಳತೆ ತೆಗೆಯಲು ಅವಳನ್ನು ಅಂಗಡಿಯ ಸ್ಟೂಲಿನ ಮೇಲೆ ನಿಲ್ಲಿಸಿದ್ದರು.

ಎಲ್ಲಿಯ ನೆಟ್ಟಗೆ! ಬೆಳಿಗ್ಗೆ ಹೊಕ್ಕುಳ ಸುತ್ತ ಶುರುವಾದ ನೋವು ಈಗ ಬಲಗಡೆ ಕೆಳಹೊಟ್ಟೆಗೆ ಇಳಿದು ಕೂತಿತ್ತು. ಊಟದ ಡಬ್ಬಿಯನ್ನು ಅವಳು ಮುಟ್ಟಿಯೂ ಇರಲಿಲ್ಲ.

ಇದು ಅಪೆಂಡಿಕ್ಸ್ ನೋವೇ ಎಂದು ಅವಳಿಗೆ ಗೊತ್ತಾಗಿಹೋಗಿತ್ತು. ಅವರ ಮನೆಗೆ ಅದು ನೆಂಟರ ಹಾಗೆ ಹೇಳದೆ ಕೇಳದೆ ಬರುತ್ತಿತ್ತು. ಅಪ್ಪನಿಗೆ ಬಂದಿತ್ತು, ಅತ್ತೆಗೆ ಬಂದಿತ್ತು, ಹೋದ ವರ್ಷ ಅಣ್ಣನಿಗೂ ಬಂದಿತ್ತು. ಮೂವರಿಗೂ ಆಪರೇಷನ್, ಮೂವರದೂ ಎ ಪಾಸಿಟಿವ್ ರಕ್ತ. ಹೋದ ವಾರ ಸ್ಕೂಲಿನಲ್ಲಿ ಕೊಟ್ಟ ಹೆಲ್ತ್ ಕಾರ್ಡಿನಲ್ಲಿ ಸಾಸಿವೆಯದೂ ಎ ಪಾಸಿಟಿವ್ ಎಂದೇ ಇತ್ತು. 'ಮುಂದಿನ ನಂಬರ್ ನಂದೇ' ಎಂದುಕೊಂಡು ಅವಳು ಕಾರ್ಡನ್ನು ಅಟ್ಲಾಸಿನೊಳಗೆ ಬಚ್ಚಿಟ್ಟಿದ್ದಳು.

ಆಪರೇಷನ್ ಎಂದರೆ ಭಯವಿತ್ತು. ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ಅಣ್ಣನನ್ನು ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋದಾಗ ಅಪ್ಪ ಆಸ್ಪತ್ರೆಯ ಬೆಂಚಿನ ಮೇಲೆ ಕೂತು, "ನನ್ನಿಂದಾನೇ ಬಂತು ಇದು ಮಗೂಗೆ" ಎಂದು ಅತ್ತಿದ್ದರು. ಬಂದವರನ್ನೆಲ್ಲ ನಗಿಸಿಯೇ ಕಳಿಸುವ ಅಪ್ಪ! ಅವರು ಇನ್ನೊಮ್ಮೆ ಹಾಗೆ ಅಳುವುದು ಅವಳಿಗೆ ಬೇಡವೇ ಬೇಡ.

ಅಪ್ಪ ಟೇಪನ್ನು ಸೊಂಟಕ್ಕೆ ಸುತ್ತಿದರು, ಬಿಚ್ಚಿದರು. ಎರಡು ಹೆಜ್ಜೆ ಹಿಂದೆ ಸರಿದು, ಗಿರಾಕಿಯನ್ನು ನೋಡುವಂತೆ ಕಣ್ಣು ಕಿರಿದು ಮಾಡಿ ನೋಡಿದರು.

"ನಿನ್ನ ಎರಡೂ ಭುಜ ಯಾವಾಗ್ಲೂ ಸಮ ಇರುತ್ತೆ. ಇವತ್ತು ಬಲಗಡೇದು ಒಂದಿಂಚು ಕೆಳಗಿದೆ. ಹೊಟ್ಟೆ ನೋವಾ?"

"ಇಲ್ವಲ್ಲಾ!"

"ಹಂಗಾದ್ರೆ ಇಳಿದು ಒಂದೇ ಕಾಲಲ್ಲಿ ಕುಪ್ಪಳಿಸು, ನೋಡೋಣ. ನಂಗೂ ಡಾಕ್ಟ್ರು ಹಂಗೇ ಮಾಡ್ಸಿದ್ರು."

ಸಾಸಿವೆ ನಗುತ್ತಲೇ ಒಂದು ಸಲ ಕುಪ್ಪಳಿಸಿದಳು. ಜೀವ ಬಾಯಿಗೆ ಬಂತು. ಎರಡನೇ ಸಲ ಆಗಲಿಲ್ಲ.

"ಅಪ್ಪಾ, ನೀನು ಅಳಬಾರ್ದು, ಆಯ್ತಾ?"

ಅಪ್ಪ ಅಳಲಿಲ್ಲ. ಟೇಪು ಕೊರಳಲ್ಲಿ ನೇತಾಡುತ್ತಿದ್ದಂತೆಯೇ ಅವಳನ್ನು ಎತ್ತಿಕೊಂಡು, ಅಂಗಡಿ ಬಾಗಿಲು ಹಾಕುವುದನ್ನೂ ಮರೆತು ಆಸ್ಪತ್ರೆಗೆ ಓಡಿದರು.

ಆಪರೇಷನ್ ಆದ ಮಾರನೆಯ ದಿನ ಡಾಕ್ಟರಮ್ಮ ನೋಡಲು ಬಂದರು.

"ಡಾಕ್ಟ್ರೇ, ಎ ಪಾಸಿಟಿವ್ ಇದ್ದೋರಿಗೆಲ್ಲ ಇದು ಬರುತ್ತಾ?" ಸಾಸಿವೆ ಕೇಳಿದಳು.

"ಹಂಗೇನಿಲ್ಲ ಮರಿ. ಬ್ಲಡ್ ಗ್ರೂಪಿಗೂ ಇದಕ್ಕೂ ನಂಟಿದೆ ಅಂತ ಕೆಲವರು ಹೇಳ್ತಾರೆ, ಇಲ್ಲ ಅಂತ ಕೆಲವರು. ಗಟ್ಟಿಯಾಗಿ ಇನ್ನೂ ಗೊತ್ತಾಗಿಲ್ಲ. ಮನೇಲಿ ಯಾರಿಗಾದ್ರೂ ಬಂದಿದ್ರೆ ಚಾನ್ಸು ಸ್ವಲ್ಪ ಜಾಸ್ತಿ, ಅಷ್ಟೇ. ಬಂದೇ ಬರುತ್ತೆ ಅಂತಿಲ್ಲ."

ಪಕ್ಕದಲ್ಲಿ ನಿಂತಿದ್ದ ಅಪ್ಪ ತಲೆ ತಗ್ಗಿಸಿದರು. "ಹಂಗಾದ್ರೆ ನನ್ನಿಂದಾನೇ..."

"ತಡ ಆಗಿದ್ರೆ ಒಳಗೇ ಒಡೆದುಹೋಗಬಹುದಿತ್ತು. ಇಷ್ಟು ಬೇಗ ಕಂಡುಹಿಡಿದಿದ್ದು ಯಾರು?"

"ನಮ್ಮಪ್ಪನ ಟೇಪು!" ಎಂದಳು ಸಾಸಿವೆ. ನಕ್ಕರೆ ಹೊಲಿಗೆ ನೋಯುತ್ತಿತ್ತು. ಆದರೂ ನಕ್ಕಳು.

ಮನೆಗೆ ಬಂದಾಗ ಸ್ಕರ್ಟು ಸಿದ್ಧವಾಗಿತ್ತು. ಸೊಂಟದ ಪಟ್ಟಿಗೆ ಸುತ್ತಲೂ ಎಲಾಸ್ಟಿಕ್ ಇತ್ತು. ಬಲಗಡೆ ಒಂದು ಕಡೆ ಮಾತ್ರ ಎಲಾಸ್ಟಿಕ್ ಬಿಟ್ಟು ಮೆತ್ತನೆ ಬಟ್ಟೆ ಇಟ್ಟು ಹೊಲಿದಿದ್ದರು. ಹಾಕಿಕೊಂಡರೆ ಅದು ಸರಿಯಾಗಿ ಆಪರೇಷನ್ ಹೊಲಿಗೆಯ ಮೇಲೇ ಬಂತು.

"ಇಲ್ಲಿಗೇ ಬರುತ್ತೆ ಅಂತ ಹೆಂಗೆ ಗೊತ್ತಾಯ್ತಪ್ಪಾ? ಆ ಜಾಗದ ಅಳತೆನೇ ತಗೊಂಡಿಲ್ವಲ್ಲ!"

ಅಪ್ಪ ಅಂಗಿಯ ಮೇಲಿಂದ ತಮ್ಮದೇ ಬಲಸೊಂಟದ ಪಕ್ಕ, ಹಳೇ ಆಪರೇಷನ್ ಗುರುತಿದ್ದ ಕಡೆ, ಮೂರು ಬೆರಳಿಟ್ಟು ತೋರಿಸಿದರು.

ಸಾಸಿವೆ ತನ್ನ ಸೊಂಟದ ಪಕ್ಕ ಮೂರು ಬೆರಳಿಟ್ಟು ನೋಡಿದಳು. ಅದೇ ಜಾಗ. ಯಾಕೋ ತುಂಬಾ ಖುಷಿಯಾಯಿತು. ಒಳಗೆ ಹೋಗಿ ಅಟ್ಲಾಸಿನಿಂದ ಕಾರ್ಡು ತೆಗೆದು ತಂದು ಅಪ್ಪನ ಕೈಗಿಟ್ಟಳು.

"ನೋಡಪ್ಪಾ, ನಂದೂ ನಿಂದೇ ಗ್ರೂಪು."